ಸಕ್ಕರೆ ಅಚ್ಚು, ಒಡೆದ ತುಟಿ ಮತ್ತು ಅಮ್ಮನ ನಾಲಿಗೆ

ಸಂಕ್ರಾಂತಿ ಮುಗಿದ ಮೇಲೆ ಉಳಿದ ಸಕ್ಕರೆ ಅಚ್ಚುಗಳನ್ನು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ? ನಾನು ಬೆಳೆದ ಮಂಡ್ಯದಲ್ಲಿ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಗಿಳಿ, ಆನೆ, ಬಾಳೆಗೊನೆ, ತುಳಸಿ ಬೃಂದಾವನ ಎಲ್ಲವೂ ಒಂದೊಂದಾಗಿ ಅಪ್ಪನ ಕಾಫಿ ಲೋಟದಲ್ಲಿ ಮುಳುಗಿ, ಶಿವರಾತ್ರಿಯ ಹೊತ್ತಿಗೆ ಡಬ್ಬಿ ಖಾಲಿಯಾಗುತ್ತಿತ್ತು. ನ್ಯೂಜೆರ್ಸಿಯಲ್ಲಿ ಹಾಗಲ್ಲ. ಎಳ್ಳು ಬೀರಲು ಬಂದವರು ಕೊಟ್ಟ ಅಚ್ಚುಗಳನ್ನು ಯಾರೂ ಮುಟ್ಟುವುದಿಲ್ಲ. ಗಂಡನಿಗೆ ಶುಗರ್, ಹೆಂಡತಿಗೆ ಡಯಟ್, ಮಕ್ಕಳ ಕಣ್ಣಿಗೆ ಅದು ಕ್ಯಾಂಡಿಯೇ ಅಲ್ಲ. ಎಸೆಯಲು ಮನಸ್ಸು ಬಾರದೆ ಜಿಪ್‌ಲಾಕ್ ಚೀಲದಲ್ಲಿ ಇಟ್ಟರೆ ಮುಂದಿನ ಸಂಕ್ರಾಂತಿಯ ತನಕ ಪ್ಯಾಂಟ್ರಿಯ ಮೂಲೆಯಲ್ಲಿ ಕೂತಿರುತ್ತವೆ.

ನಮ್ಮ ಮನೆಯಲ್ಲಿ ಈ ಸಮಸ್ಯೆಗೆ 2018ರಲ್ಲಿ ಒಂದು ಪರಿಹಾರ ಸಿಕ್ಕಿತು. ಆಗ ಹದಿನಾಲ್ಕು ವರ್ಷದವಳಾಗಿದ್ದ ನನ್ನ ಮಗಳು ಅವುಗಳನ್ನು ಪುಡಿ ಮಾಡಿ ತುಟಿಗೆ ಹಚ್ಚುವ ಸ್ಕ್ರಬ್ ಮಾಡಿದಳು. ಆ ಪುಟ್ಟ ಬಟ್ಟಲಿನಿಂದ ಶುರುವಾದ ಕಥೆ ನನಗೊಂದು ಪಾಠ ಕಲಿಸಿತು. ಹೆಸರಿನ ಮುಂದೆ ಎಂಬಿಬಿಎಸ್, ಎಂಡಿ ಎಂದು ಬರೆದುಕೊಳ್ಳುವ ನಾನು ಅದನ್ನು ಸಾರ್ವಜನಿಕವಾಗಿ ಹೇಳಿಕೊಳ್ಳಲು ಇಷ್ಟು ವರ್ಷ ಸಂಕೋಚಪಟ್ಟಿದ್ದೇನೆ. ಈ ಸಲ ಸ್ಮರಣ ಸಂಚಿಕೆಯ ಸಂಪಾದಕರು "ಡಾಕ್ಟ್ರೇ, ಹಾರ್ಟು, ಕೊಲೆಸ್ಟರಾಲ್ ಬಿಟ್ಟು ಬೇರೆ ಏನಾದರೂ ಬರೆದುಕೊಡಿ" ಎಂದಾಗ, ಇದನ್ನೇ ಬರೆದು ಮುಗಿಸೋಣ ಅನ್ನಿಸಿತು.

ಅಮ್ಮ ಬಂದದ್ದು 2017ರ ನವೆಂಬರಿನಲ್ಲಿ, ಆರು ತಿಂಗಳ ಮಟ್ಟಿಗೆ. ಅಪ್ಪ ಹೋದ ಮೇಲೆ ಅದು ಅವರ ಮೊದಲ ಅಮೆರಿಕ ಪ್ರವಾಸ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಸಾರಿನ ಪುಡಿಯ ಜೊತೆಗೆ ಸೀರೆಯೊಂದರಲ್ಲಿ ಸುತ್ತಿದ ಮರದ ಅಚ್ಚುಗಳಿದ್ದವು. "ಅಂಗಡೀಲಿ ಸಿಗೋದು ಅಚ್ಚೇ ಅಲ್ಲ ಕಣೋ, ಬರೀ ಸೀಮೆಸುಣ್ಣ. ನಾನೇ ಹುಯ್ತೀನಿ" ಎಂದು ಊರಿನಿಂದಲೇ ಘೋಷಿಸಿದ್ದರು. ಆ ವರ್ಷದ ಚಳಿ ನಿಮಗೆಲ್ಲ ನೆನಪಿರಬಹುದು. ಕ್ರಿಸ್ಮಸ್ ಮುಗಿದದ್ದೇ ತಡ, ಸುಮಾರು ಎರಡು ವಾರ ಥರ್ಮಾಮೀಟರ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರಲೇ ಇಲ್ಲ. 2018ರ ಜನವರಿ 4ರಂದು ಬಾಂಬ್ ಸೈಕ್ಲೋನ್ ಎಂದು ಟೀವಿಯವರು ಹೆಸರಿಟ್ಟ ಹಿಮಗಾಳಿ ಬಂತು. ಡ್ರೈವ್‌ವೇಯಲ್ಲಿ ನಾನು ಹಿಮ ಎತ್ತುತ್ತಿದ್ದರೆ ಅಮ್ಮ ಕಿಟಕಿಯ ಹಿಂದೆ ನಿಂತು, ಮಗ ಎಂಡಿ ಓದಿ ಇಲ್ಲಿ ಸನಿಕೆ ಹಿಡಿದಿದ್ದಾನಲ್ಲ ಎಂಬ ಮುಖ ಮಾಡಿಕೊಂಡಿದ್ದರು.

ಆ ಹದಿನೈದು ದಿನಗಳಲ್ಲಿ ಮನೆಯವರೆಲ್ಲರ ತುಟಿಯೂ ಒಡೆಯಿತು. ಅದರ ಲೆಕ್ಕ ಸರಳ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಿನ ಆವಿ ಐದು ಗ್ರಾಮಿಗಿಂತ ಕಡಿಮೆ. ಅದೇ ಗಾಳಿಯನ್ನು ಒಳಗೆಳೆದು 21 ಡಿಗ್ರಿಗೆ, ಅಂದರೆ ನಮ್ಮ ಮನೆಗಳ 70 ಫ್ಯಾರನ್‌ಹೀಟ್‌ಗೆ ಬಿಸಿ ಮಾಡಿದರೆ ಅದು ಸುಮಾರು 18 ಗ್ರಾಂ ಹಿಡಿಯುವಷ್ಟು ಬಾಯಾರಿರುತ್ತದೆ. ಹೊರಗಿನ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿದ್ದರೂ ಒಳಗೆ ಬಂದ ಮೇಲೆ ಅದರ ಆರ್ದ್ರತೆ ನೂರಕ್ಕೆ ಇಪ್ಪತ್ತೈದರ ಆಸುಪಾಸು ಮಾತ್ರ. ಹೀಟರ್ ಹಗಲೂ ರಾತ್ರಿ ಓಡುತ್ತಿದ್ದರೆ ಆ ಗಾಳಿ ಸಿಕ್ಕ ಸಿಕ್ಕ ಕಡೆಯಿಂದ ನೀರು ಹೀರುತ್ತದೆ, ಬಾಗಿಲಿನ ಮರದಿಂದ, ವೀಣೆಯ ಕುಂಬಳದಿಂದ, ನಮ್ಮ ತುಟಿಯಿಂದ.

ತುಟಿಯೇ ಏಕೆ ಮೊದಲು ಬಲಿಯಾಗಬೇಕು? ಮುಖದ ಉಳಿದ ಚರ್ಮಕ್ಕೆ ತನ್ನದೇ ಎಣ್ಣೆಯ ಗ್ರಂಥಿಗಳಿವೆ, ಬೆವರಿನ ಗ್ರಂಥಿಗಳಿವೆ. ತುಟಿಯ ಕೆಂಪು ಭಾಗದಲ್ಲಿ ಕೂದಲಿಲ್ಲ, ಬೆವರಿಲ್ಲ, ಎಣ್ಣೆಯ ಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಒಣಪದರವಂತೂ ಬಹಳ ತೆಳು. ಆ ತೆಳುತನದಿಂದಲೇ ಒಳಗಿನ ರಕ್ತದ ಬಣ್ಣ ಹೊರಗೆ ಕಂಡು ತುಟಿ ಕೆಂಪಗಿರುವುದು. ಒಣಗಿದಾಗ ನಾವೇನು ಮಾಡುತ್ತೇವೆ? ನಾಲಿಗೆಯಿಂದ ಸವರಿಕೊಳ್ಳುತ್ತೇವೆ. ಒಂದು ನಿಮಿಷ ಹಾಯೆನಿಸುತ್ತದೆ. ಎಂಜಲು ಆರುವಾಗ ತುಟಿಯಲ್ಲಿದ್ದ ತೇವವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಎಂಜಲಿನಲ್ಲಿರುವುದು ಆಹಾರ ಜೀರ್ಣಿಸುವ ರಸಗಳು, ಅನ್ನಕ್ಕೂ ತುಟಿಗೂ ಅವು ವ್ಯತ್ಯಾಸ ಮಾಡುವುದಿಲ್ಲ. ಮತ್ತೆ ಒಣಗುತ್ತದೆ, ಮತ್ತೆ ಸವರುತ್ತೇವೆ. ಚಳಿಗಾಲದಲ್ಲಿ ಕೆಲವು ಮಕ್ಕಳ ಬಾಯಿಯ ಸುತ್ತ ಕೋಡಂಗಿಯ ಬಣ್ಣದಂತೆ ಕೆಂಪು ವೃತ್ತ ಬೀಳುತ್ತದಲ್ಲ, ಅದಕ್ಕೆ ಈ ಅಭ್ಯಾಸವೇ ಕಾರಣ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಅಮ್ಮ ಅಚ್ಚು ಹುಯ್ದರು. ನೋಡುವುದಕ್ಕೇ ಚೆಂದ. ಸಕ್ಕರೆ ಪಾಕಕ್ಕೆ ಚೂರು ಹಾಲು ಹಾಕಿ ಕೊಳೆಯನ್ನು ಮೇಲಕ್ಕೆ ತರಿಸಿ, ಬಟ್ಟೆಯಲ್ಲಿ ಸೋಸಿ, ಪಾಕ ಹದಕ್ಕೆ ಬಂದಾಗ ಸ್ವಲ್ಪ ಸ್ವಲ್ಪವೇ ಪುಟ್ಟ ಬಾಣಲೆಗೆ ತೆಗೆದುಕೊಂಡು ಸೌಟಿನಿಂದ ತಿರುವುತ್ತಾ ಇರುವುದು. ಅಂಚು ಬೆಳ್ಳಗಾಗುತ್ತಿದ್ದಂತೆ, ನೀರಿನಲ್ಲಿ ನೆನೆಸಿ ರಬ್ಬರ್ ಬ್ಯಾಂಡ್ ಬಿಗಿದ ಮರದ ಅಚ್ಚಿಗೆ ಸುರಿಯುವುದು. ಒಂದು ಕ್ಷಣ ಮುಂಚೆಯಾದರೆ ಗಟ್ಟಿಯಾಗುವುದಿಲ್ಲ, ಒಂದು ಕ್ಷಣ ತಡವಾದರೆ ಬಾಣಲೆಯಲ್ಲೇ ಕಲ್ಲು. ಮಗಳು ಫೋನಿನಲ್ಲಿ ವೀಡಿಯೋ ಮಾಡುತ್ತಾ, "ಅಜ್ಜಿ, ಹೌ ಡು ಯು ನೋ?" ಎಂದು ಕೇಳಿದಳು. ಅಮ್ಮ ಹೇಳಿದರು, "ಗೊತ್ತಾಗತ್ತೆ ಪುಟ್ಟಿ."

ಗೊತ್ತಾಗುವುದರ ಹಿಂದಿನ ವಿಜ್ಞಾನ ನಾನು ಹೇಳಬಲ್ಲೆ. ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ಕೆಲವೇ ಹರಳುಗಳು ನಿಧಾನವಾಗಿ ದೊಡ್ಡದಾಗಿ ಬೆಳೆಯುತ್ತವೆ, ಅದು ಕಲ್ಲುಸಕ್ಕರೆ. ಬಿಸಿ ಪಾಕವನ್ನು ಬಿಡದೆ ತಿರುವಿದರೆ ಲೆಕ್ಕವಿಲ್ಲದಷ್ಟು ಹರಳುಗಳು ಒಟ್ಟಿಗೇ ಹುಟ್ಟಿ, ಯಾವುದಕ್ಕೂ ಬೆಳೆಯಲು ಜಾಗವಿಲ್ಲದೆ ನುಣ್ಣಗೆ ಉಳಿಯುತ್ತವೆ, ಅದು ಸಕ್ಕರೆ ಅಚ್ಚು. ಹಾಗಾಗಿ ಅಚ್ಚನ್ನು ಕುಟ್ಟಿದ ಪುಡಿ, ಅಂಗಡಿಯ ಐದು ಪೌಂಡ್ ಚೀಲದ ಸಕ್ಕರೆಗಿಂತ ನಯ. ಮಗಳು ಈ ವಿಷಯ ತಿಳಿಯದೆಯೇ ಸರಿಯಾದ ಸಾಮಗ್ರಿಯನ್ನು ಆರಿಸಿದ್ದಳು.

ಸಕ್ಕರೆಗೂ ನನಗೂ ಹಳೆಯ ನಂಟು. ಕನ್ನಂಬಾಡಿಯ ನೀರು ನಾಲೆಯಲ್ಲಿ ಬಂದ ಮೇಲೆ ಮಂಡ್ಯದ ಬಯಲಿಗೆ ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ದುಡಿದವರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಒಬ್ಬರು, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದವರು. ಕಾರ್ಖಾನೆಯ ಕಾಕಂಬಿಯ ವಾಸನೆಯಲ್ಲಿ ಬೆಳೆದ ನಾನು ಮೈಸೂರು ಮೆಡಿಕಲ್ ಕಾಲೇಜು ಮುಗಿಸಿ 1996ರಲ್ಲಿ ರೆಸಿಡೆನ್ಸಿಗೆಂದು ಬ್ರೂಕ್ಲಿನ್‌ಗೆ ಬಂದಿಳಿದರೆ, ವಿಲಿಯಮ್ಸ್‌ಬರ್ಗ್ ಸೇತುವೆಯ ರೈಲಿನಿಂದ ಮೊದಲು ಕಂಡದ್ದೇ ಡಾಮಿನೋ ಶುಗರ್ ಎಂಬ ದೊಡ್ಡ ಹಳದಿ ಅಕ್ಷರಗಳು! 1856ರಲ್ಲಿ ಈಸ್ಟ್ ನದಿಯ ದಡದಲ್ಲಿ ಆರಂಭವಾಗಿ, ಬೆಂಕಿಗೆ ಸಿಕ್ಕಿ 1880ರ ದಶಕದಲ್ಲಿ ಮತ್ತೆ ಎದ್ದ ಕಾರ್ಖಾನೆ ಅದು. 2004ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಪಾರ್ಕೂ ಆಫೀಸುಗಳೂ ಇವೆ. ಅದೇ ಕಂಪನಿಯ ಯಾಂಕರ್ಸ್ ಕಾರ್ಖಾನೆ ಹಡ್ಸನ್ ದಡದಲ್ಲಿ ಇನ್ನೂ ನಡೆಯುತ್ತಿದೆ. ಒಬ್ಬಂಟಿ ದಿನಗಳಲ್ಲಿ ಆ ಹಳದಿ ಬೋರ್ಡು ಕಂಡರೆ ಊರಿನವರು ಯಾರೋ ಸಿಕ್ಕಂತೆ ಆಗುತ್ತಿತ್ತು.

ಇರಲಿ, ಸ್ಕ್ರಬ್ಬಿಗೆ ಬರೋಣ. ಮಗಳ ಪಾಕವಿಧಾನ ಹೀಗಿತ್ತು. ಎರಡು ಟೀ ಚಮಚ ಅಚ್ಚಿನ ಪುಡಿ, ಒಂದು ಟೀ ಚಮಚ ಕೊಬ್ಬರಿ ಎಣ್ಣೆ, ಅರ್ಧ ಚಮಚ ಜೇನುತುಪ್ಪ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಇಲ್ಲಿಯ ಚಳಿಗಾಲದ ಅಡಿಗೆಮನೆಯಲ್ಲಿ ಅದು ಬೆಣ್ಣೆಯಂತೆಯೇ ಇರುತ್ತದೆ. ಬೆರಳಿನಲ್ಲಿ ಮಿದ್ದರೆ ಸಾಕು, ಕರಗಿಸುವ ಅಗತ್ಯವಿಲ್ಲ. ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ, ಆದ್ದರಿಂದ ತರಿ ಉಳಿಯುತ್ತದೆ. ತುಟಿಯ ತೇವ ತಗುಲಿದೊಡನೆ ಕರಗಲು ಶುರುವಾಗುತ್ತದೆ, ಆದ್ದರಿಂದ ನೀವು ಬೇಕೆಂದರೂ ಬಹಳ ಹೊತ್ತು ಉಜ್ಜಲಾಗದು. ಅಕ್ರೋಟಿನ ಚಿಪ್ಪಿನ ಪುಡಿಗೆ ಇಲ್ಲದ ಗುಣ ಸಕ್ಕರೆಗೆ ಇರುವುದು ಇದೇ. ಕಬ್ಬಿನಲ್ಲಿ ಗ್ಲೈಕಾಲಿಕ್ ಆಮ್ಲ ಇರುತ್ತದೆ, ಅದು ಸತ್ತ ಚರ್ಮವನ್ನು ಕರಗಿಸುತ್ತದೆ ಎಂದೆಲ್ಲ ಜಾಹೀರಾತುಗಳು ಹೇಳುತ್ತವೆ. ಕಬ್ಬಿನ ರಸದಲ್ಲಿ ಚೂರು ಇರುವುದು ನಿಜ. ಶುದ್ಧೀಕರಿಸಿದ ಬಿಳಿ ಸಕ್ಕರೆಯಲ್ಲಿ ಅದು ಉಳಿದಿರುವುದಿಲ್ಲ. ಸಕ್ಕರೆ ಮಾಡುವ ಕೆಲಸ ಬರೀ ಉಜ್ಜುವುದು, ಪಾತ್ರೆಗೆ ಬೂದಿ ಹಾಕಿದ ಹಾಗೆ.

ಬಳಸುವುದು ರಾತ್ರಿ ಮಲಗುವ ಮುಂಚೆ. ತುಟಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಂಗುರದ ಬೆರಳಿನಿಂದ ಅರ್ಧ ನಿಮಿಷ ಹಗುರವಾಗಿ ತಿರುವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಮೇಲೆ ದಪ್ಪಗೆ ವ್ಯಾಸಲೀನ್. ಉಂಗುರದ ಬೆರಳೇ ಏಕೆಂದರೆ ಅದಕ್ಕೆ ಜೋರು ಕಡಿಮೆ. ವಾರಕ್ಕೊಂದು ಸಲ ಸಾಕು. ಮಾಡಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ, ಒದ್ದೆ ಬೆರಳು ಹಾಕಿದರೆ ಬೂಸ್ಟು ಹಿಡಿಯುತ್ತದೆ. ನಿಂಬೆರಸ, ದಾಲ್ಚಿನ್ನಿ ಎಣ್ಣೆ, ಪೆಪ್ಪರ್‌ಮಿಂಟ್ ಹಾಕುವವರಿದ್ದಾರೆ. ಬೇಡಿ. ಒಣತುಟಿಗೆ ಅವೇ ಉರಿ ತರಿಸುತ್ತವೆ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಮನೆಯಲ್ಲಿ ಒಂದು ವರ್ಷದೊಳಗಿನ ಕೂಸಿದ್ದರೆ ಜೇನುತುಪ್ಪದ ಬಟ್ಟಲನ್ನು ದೂರವಿಡಿ. ಅದರಲ್ಲಿರಬಹುದಾದ ಬೀಜಾಣುಗಳಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಊರಿನಲ್ಲಿ ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುತ್ತಿದ್ದರು ಎಂದು ವಾದಿಸುವ ಅಜ್ಜಿಯರ ಮುಂದೆ ಮಾತ್ರ ನಾನು ನಿಮ್ಮ ಸಹಾಯಕ್ಕೆ ಬರಲಾರೆ.

ವ್ಯಾಸಲೀನ್ ಎಂದೆನಲ್ಲ, ಅದು ನಮ್ಮ ಈ ನ್ಯೂಯಾರ್ಕ್–ನ್ಯೂಜೆರ್ಸಿಯದೇ ಕೂಸು ಎಂಬುದು ಎಷ್ಟು ಜನಕ್ಕೆ ಗೊತ್ತು? ರಾಬರ್ಟ್ ಚೀಸ್‌ಬ್ರೋ ಎಂಬ ಯುವ ರಸಾಯನಜ್ಞ 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನ ಎಣ್ಣೆ ಬಾವಿಗಳಿಗೆ ಹೋದ. ಪಂಪಿನ ಸಲಾಕೆಗಳಿಗೆ ಮೆತ್ತಿಕೊಳ್ಳುವ ಕಪ್ಪು ಜಿಡ್ಡನ್ನು ಕೆಲಸಗಾರರು ಬೈದುಕೊಂಡು ಕೆರೆದು ಹಾಕುತ್ತಿದ್ದರು, ಕೈ ಸುಟ್ಟರೆ, ಕುಯ್ದರೆ ಅದನ್ನೇ ಬಳಿದುಕೊಳ್ಳುತ್ತಿದ್ದರು. ಇವನು ಅದನ್ನು ಹೊತ್ತು ತಂದು ಬ್ರೂಕ್ಲಿನ್‌ನಲ್ಲಿ ವರ್ಷಗಟ್ಟಲೆ ಶುದ್ಧಿ ಮಾಡಿ, 1872ರಲ್ಲಿ ಪೇಟೆಂಟ್ ಪಡೆದ. ಮುಂದೆ ನಮ್ಮ ಪರ್ತ್ ಅಂಬಾಯ್‌ನಲ್ಲೂ ಅದರ ಕಾರ್ಖಾನೆ ನಡೆಯಿತು. ಮಾರುವುದಕ್ಕಾಗಿ ಕುದುರೆ ಗಾಡಿಯಲ್ಲಿ ಊರೂರು ತಿರುಗಿ, ಜನರೆದುರು ತನ್ನ ಕೈಯನ್ನೇ ಸುಟ್ಟುಕೊಂಡು ಹಚ್ಚಿ ತೋರಿಸುತ್ತಿದ್ದನಂತೆ. ದಿನಕ್ಕೊಂದು ಚಮಚ ತಿನ್ನುತ್ತಿದ್ದ ಎಂದೂ ಹೇಳುತ್ತಾರೆ. ಅದನ್ನು ನೀವು ಅನುಸರಿಸಬೇಕಾಗಿಲ್ಲ. ತೀರಿಕೊಂಡದ್ದು 96ನೇ ವಯಸ್ಸಿನಲ್ಲಿ, ನ್ಯೂಜೆರ್ಸಿಯ ಸ್ಪ್ರಿಂಗ್ ಲೇಕ್‌ನಲ್ಲಿ, 1933ರಲ್ಲಿ, ಅಂದರೆ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ ವರ್ಷವೇ. ಆ ಜಿಡ್ಡು ತುಟಿಗೆ ನೀರು ಕೊಡುವುದಿಲ್ಲ, ಇರುವ ನೀರು ಹಾರಿಹೋಗದಂತೆ ಮುಚ್ಚಳ ಹಾಕುತ್ತದೆ. ನಿಜ ಹೇಳಬೇಕೆಂದರೆ ಒಡೆದ ತುಟಿಯ ವಿಷಯದಲ್ಲಿ ತೊಂಬತ್ತು ಪಾಲು ಕೆಲಸ ಈ ಮುಚ್ಚಳದ್ದು. ಸ್ಕ್ರಬ್ ಇರುವುದು ಹುಡುಗಿಯರ ಸಂತೋಷಕ್ಕೆ. ಅಮ್ಮನ ಬೆಣ್ಣೆಯೂ ಇದೇ ಕೆಲಸ ಮಾಡುತ್ತಿತ್ತು, ಇರುವೆ ಬರುತ್ತಿತ್ತು ಅಷ್ಟೆ. ಹೊಕ್ಕುಳಿಗೆ ಎಣ್ಣೆ ಹಚ್ಚಿದರೆ ತುಟಿ ವಾಸಿಯಾಗುತ್ತದೆ ಎಂಬುದಕ್ಕೆ ಮಾತ್ರ ನನ್ನ ಅಂಗರಚನಾಶಾಸ್ತ್ರದಲ್ಲಿ ದಾರಿ ಕಾಣಲಿಲ್ಲ.

ಮಡಿಯವರಿಗೆ ಒಂದು ಮಾತು. ಅಂಗಡಿಯ ಲಿಪ್ ಬಾಮುಗಳಲ್ಲಿ ಕಾರ್ಮೈನ್ ಎಂದಿದ್ದರೆ ಅದು ಕೀಟದಿಂದ ತೆಗೆದ ಕೆಂಪು ಬಣ್ಣ, ಲ್ಯಾನೋಲಿನ್ ಎಂದಿದ್ದರೆ ಕುರಿಯ ಉಣ್ಣೆಯ ಜಿಡ್ಡು. ಅಮೆರಿಕದ ಕೆಲವು ಕಾರ್ಖಾನೆಗಳು ಕಬ್ಬಿನ ಸಕ್ಕರೆಯನ್ನು ಬಿಳಿ ಮಾಡಲು ಮೂಳೆಯ ಇದ್ದಿಲು ಬಳಸುವುದೂ ಉಂಟು. ಆರ್ಗ್ಯಾನಿಕ್ ಸಕ್ಕರೆಗೂ ಬೀಟ್ ಸಕ್ಕರೆಗೂ ಅದು ಬಳಕೆಯಿಲ್ಲ. ಈ ಮಾಹಿತಿಯನ್ನು ಅಮ್ಮನಿಗೆ ಕೊಡಬಾರದೆಂದು ನನ್ನ ಹೆಂಡತಿ ಆಗ ಆಣೆ ಹಾಕಿಸಿಕೊಂಡಿದ್ದಳು.

ಈಗ ಅಮ್ಮನ ವಿಷಯ. ಎಲ್ಲರ ತುಟಿಯೂ ವಾರದಲ್ಲಿ ಸರಿಹೋಯಿತು, ಅಮ್ಮನದು ಹೋಗಲಿಲ್ಲ. ತುಟಿಗಿಂತ ಹೆಚ್ಚಾಗಿ ಎರಡೂ ಕಟಬಾಯಿ ಒಡೆದು, ಆಕಳಿಸಿದರೆ ರಕ್ತ ಜಿನುಗುತ್ತಿತ್ತು. ನಾನು ಆಸ್ಪತ್ರೆಯಿಂದ ಬಂದವನು ಕೋಟು ಬಿಚ್ಚುತ್ತಲೇ ದೂರದಿಂದ ನೋಡಿ, "ಚಳಿಗೆ ಒಡೆದಿದೆ ಅಮ್ಮ, ವ್ಯಾಸಲೀನ್ ಹಚ್ಕೊಳ್ಳಿ" ಎಂದು ಮೂರು ವಾರ ಒಂದೇ ಉಪದೇಶ ಮಾಡಿದೆ. ಊಟಕ್ಕೆ ಕೂತಾಗ ಅಮ್ಮ ಸಾರು ಬೇಡ, ಗೊಜ್ಜು ಬೇಡ, ಮೊಸರನ್ನ ಸಾಕು ಎನ್ನತೊಡಗಿದ್ದರು. "ರೀ, ಅತ್ತೆ ತಮ್ಮ ಕೈಯಾರೆ ಮಾಡಿದ ಹುಣಿಸೆ ಗೊಜ್ಜನ್ನೇ ಮುಟ್ಟುತ್ತಿಲ್ಲ, ಒಂದ್ಸಲ ನೋಡಿ" ಎಂದು ಹೆಂಡತಿ ಎರಡು ಸಲ ಹೇಳಿದಳು. ವಯಸ್ಸಾಯಿತಲ್ಲ, ಖಾರ ತಡೆಯುವುದಿಲ್ಲ ಎಂದೆ ನಾನು. ನನ್ನ ಕ್ಲಿನಿಕ್ಕಿಗೆ ಎಪ್ಪತ್ತೈದರ ಮುದುಕಿಯೊಬ್ಬರು ಬಂದು ಇದೇ ಮಾತು ಹೇಳಿದ್ದರೆ ಮೂರು ನಿಮಿಷದಲ್ಲಿ ಬಾಯಿ ತೆರೆಸಿ ನೋಡುತ್ತಿದ್ದೆ.

ಸಂಕ್ರಾಂತಿ ಕಳೆದ ಮಾರನೆಯ ಶನಿವಾರ ಮಗಳು ಸ್ಕ್ರಬ್ ಮಾಡಿದಳು. ಮೊದಲ ಗಿರಾಕಿ ಅಜ್ಜಿ. ಅಚ್ಚನ್ನು ತುಟಿಗೆ ಉಜ್ಜುವುದನ್ನು ಕಂಡು ಅಮ್ಮನಿಗೆ ನಗು. "ತಿನ್ನೋದನ್ನ ಮೈಗೆ ಬಳ್ಕೊಳ್ತೀರಲ್ಲೇ" ಎನ್ನುತ್ತಲೇ ಮುಖ ಒಡ್ಡಿದರು. ಒಂದು ಸುತ್ತು ತಿರುವಿದ್ದಾಳೆ, ಅಮ್ಮನ ಕಣ್ಣಲ್ಲಿ ನೀರು. ಒಡೆದ ಚರ್ಮದ ಮೇಲೆ ಯಾವ ತರಿಯನ್ನೂ ಉಜ್ಜಬಾರದು, ಸೀಳು ಇನ್ನೂ ಅಗಲವಾಗುತ್ತದೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಆದರೆ ಅಂದು ಅದೇ ಉಪಕಾರವಾಯಿತು. ಅಮ್ಮ ನೋವಿಗೆ ಬಾಯಿ ತೆರೆದು ನಾಲಿಗೆಯನ್ನು ಹೊರಗೆ ಹಾಕಿದ್ದನ್ನು ನೋಡಿದ ಮಗಳು ನನ್ನ ಕೋಣೆಗೆ ಓಡಿ ಬಂದಳು. "ಅಪ್ಪಾ, ಅಜ್ಜಿ ನಾಲಿಗೆ ಯಾಕೆ ಅಷ್ಟು ಶೈನಿ ಇದೆ? ಪ್ಲಾಸ್ಟಿಕ್ ಥರ ಇದೆ."

ನಾನು ಹೋಗಿ ಟಾರ್ಚು ಹಾಕಿ ನೋಡಿದೆ. ಆರೋಗ್ಯವಂತರ ನಾಲಿಗೆ ಮಕಮಲ್ಲಿನಂತೆ ತರಿತರಿಯಾಗಿರುತ್ತದೆ. ಅಮ್ಮನದು ನುಣ್ಣಗೆ, ಕೆಂಪಗೆ, ಮೆರುಗು ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಎರಡನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಚಿಹ್ನೆ ಅದು. ರೆಪ್ಪೆ ಎಳೆದು ನೋಡಿದರೆ ಬಿಳುಚಿಕೊಂಡಿದೆ. "ಕಾಲು ಜೋಮು ಹಿಡಿಯುತ್ತಾ ಅಮ್ಮ?" ಎಂದು ಕೇಳಿದೆ. "ಹಿಡಿಯತ್ತೆ. ನಿಮ್ಮೂರ ಚಳಿಗೆ ಯಾರಿಗೆ ಹಿಡಿಯಲ್ಲ?" ಎಂದರು. ಎಷ್ಟು ದಿನದಿಂದ ಎಂದರೆ, ಮಂಡ್ಯದಲ್ಲೇ ಒಂದು ವರ್ಷದಿಂದ! ಬ್ಯಾಗಿನಿಂದ ಟ್ಯೂನಿಂಗ್ ಫೋರ್ಕ್ ತೆಗೆದು ಬಡಿದು ಹೆಬ್ಬೆರಳಿನ ಮೇಲಿಟ್ಟೆ. "ಇದೇನೋ ತಂಬೂರಿ" ಎಂದು ನಕ್ಕರು. ಕಂಪನ ನಿಂತಾಗ ಹೇಳಿ ಎಂದೆ. "ಇನ್ನೂ ಶುರುವೇ ಮಾಡಿಲ್ವಲ್ಲ ನೀನು" ಎಂದರು. ನನ್ನ ಬೆರಳಲ್ಲಿ ಅದು ಗುಂಯ್‌ಗುಡುತ್ತಿತ್ತು.

ಅಮ್ಮನಿಗೆ ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು. ಅಷ್ಟೂ ವರ್ಷ ಮೆಟ್‌ಫಾರ್ಮಿನ್, ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ. ಊಟ ಶುದ್ಧ ಸಸ್ಯಾಹಾರ. ವಿಟಮಿನ್ ಬಿ12 ಗಿಡಮರಗಳಲ್ಲಿ ಸಿಗುವುದಿಲ್ಲ, ನಮ್ಮಂಥವರಿಗೆ ಹಾಲು ಮೊಸರೇ ಗತಿ. ತಿಂದದ್ದರಿಂದ ಅದನ್ನು ಬಿಡಿಸಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ ಮಾತ್ರೆ ಅದನ್ನು ತಗ್ಗಿಸುತ್ತದೆ. ಸಣ್ಣ ಕರುಳಿನ ಕೊನೆಯಲ್ಲಿ ಅದು ರಕ್ತಕ್ಕೆ ಸೇರಬೇಕು, ಅಲ್ಲಿ ಮೆಟ್‌ಫಾರ್ಮಿನ್ ಅಡ್ಡ ಬರುತ್ತದೆ. ಪಿತ್ತಜನಕಾಂಗದಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕಾಣಿಸಿಕೊಳ್ಳುವುದೂ ನಿಧಾನ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ, ನಾನೇ ದಿನವೂ ಬರೆಯುತ್ತೇನೆ, ದಯವಿಟ್ಟು ಈ ಲೇಖನ ಓದಿ ಯಾರೂ ನಿಲ್ಲಿಸಬೇಡಿ. ಆದರೆ ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿರುವ ಸಸ್ಯಾಹಾರಿಗಳು ಆಗಾಗ ಬಿ12 ನೋಡಿಸಿಕೊಳ್ಳಬೇಕು. ಇದನ್ನು ನಾನು ರೋಗಿಗಳಿಗೆ ಹೇಳುತ್ತಿದ್ದೆ, ಅಮ್ಮನಿಗೆ ಹೇಳಿರಲಿಲ್ಲ. ಅವರನ್ನು ಊರಿನ ಡಾಕ್ಟರು ನೋಡಿಕೊಳ್ಳುತ್ತಾರೆ ಎಂದು ನಾನು, ಮಗ ಅಮೆರಿಕದಲ್ಲಿ ದೊಡ್ಡ ಡಾಕ್ಟರಲ್ಲವೇ ಎಂದು ಅವರು.

ರಕ್ತ ಪರೀಕ್ಷೆಗೆ ಒಪ್ಪಿಸುವುದೇ ಒಂದು ಯಕ್ಷಗಾನವಾಯಿತು. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗಳಿಗೆ ಬರುವುದಿಲ್ಲ ಎಂಬುದನ್ನು ಅಮ್ಮ ದೇವಸ್ಥಾನದಲ್ಲಿ ಸಿಕ್ಕ ಉಳಿದ ಅಮ್ಮಂದಿರಿಂದ ತಿಳಿದುಕೊಂಡಿದ್ದರು. "ತುಟಿ ಒಡೆದಿದ್ದಕ್ಕೆ ಡಾಲರ್ ಸುರೀತಾರೇನೋ? ಇನ್ನು ಮೂರು ತಿಂಗಳು, ಊರಿಗೆ ಹೋಗಿ ತೋರಿಸ್ಕೊಳ್ತೀನಿ" ಎಂದು ಹಟ. ಆಗಲೇ ತಿಳಿದದ್ದು, ಅವರು ನವೆಂಬರಿನಿಂದಲೂ ಇದನ್ನೆಲ್ಲ ಮುಚ್ಚಿಟ್ಟುಕೊಂಡಿದ್ದು ಈ ಡಾಲರಿನ ಭಯಕ್ಕೇ ಎಂದು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರಲ್ಲ, ಅದು ಚಪ್ಪಲಿ ಜಾರುತ್ತದೆ ಎಂದಲ್ಲ, ಕಾಲಿನ ಕೆಳಗೆ ಮೆಟ್ಟಿಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ ಎಂದು. ಹೊರಗೆ ಡ್ರೈವ್‌ವೇ ತುಂಬ ಹಿಮಗಡ್ಡೆ. ಒಮ್ಮೆ ಜಾರಿದ್ದರೆ ಸೊಂಟದ ಮೂಳೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿ12 ಪ್ರಮಾಣ 118 ಎಂದು ಬಂತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತೇವೆ. ಹಿಮೋಗ್ಲೋಬಿನ್ 9.2. ಕಬ್ಬಿಣದ ಅಂಶವೂ ಕಡಿಮೆ. ಇಲ್ಲೊಂದು ಮೋಸವಿದೆ. ಬಿ12 ಕೊರತೆಯಲ್ಲಿ ರಕ್ತಕಣಗಳು ದೊಡ್ಡದಾಗುತ್ತವೆ, ಕಬ್ಬಿಣದ ಕೊರತೆಯಲ್ಲಿ ಚಿಕ್ಕದಾಗುತ್ತವೆ. ಎರಡೂ ಸೇರಿದರೆ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಊರಿನಲ್ಲಿ ಆರು ತಿಂಗಳ ಹಿಂದೆ ಮಾಡಿಸಿದ್ದ ರಿಪೋರ್ಟಿನಲ್ಲಿ ಕಣದ ಗಾತ್ರ ನಾರ್ಮಲ್ ಎಂದೇ ಇತ್ತು. ಆ ರಿಪೋರ್ಟಿನ ಫೋಟೋ ನನ್ನ ಫೋನಿನಲ್ಲೂ ಇತ್ತು. ನೋಡಿ, ಹೆಬ್ಬೆಟ್ಟಿನ ಚಿಹ್ನೆ ಕಳಿಸಿ ಸುಮ್ಮನಾಗಿದ್ದೆ.

ನನ್ನ ಸಹೋದ್ಯೋಗಿಯೊಬ್ಬರು ಅಮ್ಮನನ್ನು ನೋಡಿ ಚಿಕಿತ್ಸೆ ಶುರು ಮಾಡಿದರು. ಮೊದಲು 1000 ಮೈಕ್ರೋಗ್ರಾಮಿನ ಇಂಜೆಕ್ಷನ್‌ಗಳು, ಆಮೇಲೆ ಅಷ್ಟೇ ಪ್ರಮಾಣದ ಮಾತ್ರೆ ದಿನಕ್ಕೊಂದು, ಕಬ್ಬಿಣದ ಮಾತ್ರೆ ಬೇರೆ. ಕಟಬಾಯಿಗೆ ಫಂಗಸ್ ಸೇರಿಕೊಂಡಿತ್ತು, ಅದಕ್ಕೊಂದು ಮುಲಾಮು. ಎರಡು ವಾರಕ್ಕೆ ಕಟಬಾಯಿ ಕೂಡಿತು. ಒಂದು ತಿಂಗಳಿಗೆ ಅಮ್ಮ ಹುಣಿಸೆ ಗೊಜ್ಜನ್ನು ಅನ್ನಕ್ಕೆ ಕಲಸಿಕೊಂಡು, "ಉಪ್ಪು ಒಂಚೂರು ಮುಂದಾಗಿದೆ ಕಣಮ್ಮ" ಎಂದು ಸೊಸೆಗೆ ಹೇಳಿದರು. ಆ ಆಕ್ಷೇಪಣೆಗೆ ಅಷ್ಟು ಖುಷಿಪಟ್ಟ ಸೊಸೆಯನ್ನು ನಾನು ಕಂಡಿಲ್ಲ. ನರಗಳದ್ದು ಮಾತ್ರ ನಿಧಾನ. ಎಡಗಾಲು ಸುಧಾರಿಸಿತು, ಬಲಗಾಲಿನ ಬೆರಳುಗಳ ಜೋಮು ಇವತ್ತಿಗೂ ಉಳಿದಿದೆ. ನವೆಂಬರಿನಲ್ಲೇ ನಾನು ನಾಲಿಗೆ ನೋಡಿದ್ದರೆ ಅದೂ ಹೋಗುತ್ತಿತ್ತೋ ಏನೋ ಎಂದು ಅಮ್ಮ ಎಂದೂ ಕೇಳಿಲ್ಲ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ತುಟಿ ಒಡೆದರೆ ಮೊದಲು ನೋಡಿ, ಆಮೇಲೆ ಸ್ಕ್ರಬ್ ಮಾಡಿ. ಮೊಡವೆಗೆ ಐಸೊಟ್ರೆಟಿನೋಯಿನ್ ತೆಗೆದುಕೊಳ್ಳುವ ಹುಡುಗ ಹುಡುಗಿಯರಿಗೆ ಹೆಚ್ಚುಕಡಿಮೆ ಎಲ್ಲರಿಗೂ ತುಟಿ ಒಣಗುತ್ತದೆ. ಅವರು ಉಜ್ಜಲೇಬಾರದು, ವ್ಯಾಸಲೀನ್ ಮಾತ್ರ. ಚಳಿಗುಳ್ಳೆ ಎದ್ದಿದ್ದಾಗ ಉಜ್ಜಿದರೆ ವೈರಸ್ ಹರಡುತ್ತದೆ, ಒಬ್ಬರು ಬೆರಳಿಟ್ಟ ಬಟ್ಟಲಿಗೆ ಇನ್ನೊಬ್ಬರು ಬೆರಳಿಡಬೇಡಿ. ಮಾವಿನ ಕಾಲದಲ್ಲಿ ತುಟಿ ಊದಿ ತುರಿಸಿದರೆ ಹಣ್ಣಿನ ಸಿಪ್ಪೆಯನ್ನು ಅನುಮಾನಿಸಿ. ಅದರಲ್ಲಿ ಪಾಯ್ಸನ್ ಐವಿಯ ಬಂಧುವಾದ ರಾಸಾಯನಿಕವಿದೆ. ಊರಿನಲ್ಲಿ ಜೀವನವಿಡೀ ಮಾವು ಚೀಪಿದವರು ನ್ಯೂಜೆರ್ಸಿಯ ಹಿತ್ತಿಲಲ್ಲಿ ಒಮ್ಮೆ ಐವಿ ಮುಟ್ಟಿದ ಮೇಲೆ ಮಾವಿಗೂ ಕೆರೆದುಕೊಳ್ಳುವುದನ್ನು ನೋಡಿದ್ದೇನೆ. 2007ರಲ್ಲಿ ಭಾರತದ ಮಾವಿಗೆ ಇಲ್ಲಿ ಪ್ರವೇಶ ಸಿಕ್ಕ ಮೇಲಂತೂ ಇನ್ನೂ ಹೆಚ್ಚು. ಸಿಪ್ಪೆ ತೆಗೆದು ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೆಳತುಟಿಯ ಮೇಲೆ ಬಿಳಿಯ ಮಚ್ಚೆಯೋ ಗಾಯವೋ ಮೂರು ವಾರವಾದರೂ ಮಾಯದಿದ್ದರೆ, ಅದರಲ್ಲೂ ಹೊಗೆಸೊಪ್ಪಿನ ಬೀಡ ಹಾಕುವವರಿಗೆ, ಬಿಸಿಲಿನಲ್ಲಿ ಗಾಲ್ಫ್ ಆಡುವವರಿಗೆ, ಯಾವ ಸಕ್ಕರೆಯೂ ಬೇಡ, ನೇರ ಡಾಕ್ಟರ ಬಳಿ ಹೋಗಿ. ಅದು ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು.

ಮರದ ಅಚ್ಚುಗಳನ್ನು ಅಮ್ಮ ಇಲ್ಲೇ ಬಿಟ್ಟು ಹೋದರು. ಮಗಳು ಈಗ ಕಾಲೇಜಿನಲ್ಲಿದ್ದಾಳೆ, ಸಂಕ್ರಾಂತಿಗೆ ಬಿಡುವಾದರೆ ಬಂದು ಹುಯ್ಯುತ್ತಾಳೆ. ಮೂರರಲ್ಲಿ ಎರಡು ಬಾಣಲೆಯಲ್ಲೇ ಕಲ್ಲಾಗುತ್ತವೆ, ಅವೆಲ್ಲ ಸ್ಕ್ರಬ್ಬಿಗೆ. ಮಂಡ್ಯಕ್ಕೆ ಪ್ರತಿ ಭಾನುವಾರ ವಾಟ್ಸಾಪಿನಲ್ಲಿ ವೀಡಿಯೋ ಕರೆ ಮಾಡುತ್ತೇವೆ. ಊಟ ಆಯ್ತಾ, ಮಳೆ ಬಂತಾ ಎಂಬುದೆಲ್ಲ ಆಮೇಲೆ. ಕರೆ ಹತ್ತಿದ ಕೂಡಲೇ ಅಮ್ಮ ಏನೂ ಮಾತಾಡದೆ ಫೋನನ್ನು ಮುಖದ ಹತ್ತಿರ ತಂದು ನಾಲಿಗೆ ಚಾಚುತ್ತಾರೆ. ಪಕ್ಕದಲ್ಲಿರುವ ಕೆಲಸದಾಕೆ ಪ್ರತಿ ವಾರವೂ ನಗುವುದು ನಮಗೆ ಕೇಳಿಸುತ್ತದೆ.